ಸೇಬಿನ ಬ್ರೆಡ್ಡೂ ಬ್ಯಾರನ್ನಿನ ಬಾಗಿಲೂ

ಎಡಗಣ್ಣಿನ ಪೊರೆ ತೆಗೆಸಿಕೊಂಡು ಮೈಸೂರಿನಿಂದ ಹುಣಸೂರಿಗೆ ಬಂದ ದಿನದಿಂದ ನಮ್ಮ ಮನೆ ಸೇಬಿನ ಮಂಡಿಯಾಗಿದೆ. ಊಟದ ಮೇಜಿನ ಮೇಲೆ ಸೇಬು, ಫ್ರಿಜ್ಜಿನಲ್ಲಿ ಸೇಬು, ಟೀವಿಯ ಪಕ್ಕ ಯಾರೋ ಇಟ್ಟುಹೋದ ಕವರಿನಲ್ಲೂ ಸೇಬು. ಕಪ್ಪು ಕನ್ನಡಕ ಹಾಕಿಕೊಂಡು ಕೂತ ನನಗೆ ಕಣ್ಣಿಗೆ ಕಾಣುವುದಕ್ಕಿಂತ ಮೂಗಿಗೆ ತಿಳಿಯುವುದೇ ಹೆಚ್ಚು. ನೆನ್ನೆ ಆ ವಾಸನೆ ಮಾಗಿದ ವಾಸನೆಯಿಂದ ಕೊಳೆಯುವ ವಾಸನೆಯ ಕಡೆಗೆ ಒಂದು ಹೆಜ್ಜೆ ಇಟ್ಟಂತೆ ಅನ್ನಿಸಿತು. ಇನ್ನು ತಡಮಾಡಿದರೆ ಆಗದು ಅಂದುಕೊಂಡೆ.

ನಮ್ಮ ಕಡೆ ಸೇಬು ತಿನ್ನುವ ಹಣ್ಣಲ್ಲ, ಕಾಯಿಲೆಯವರನ್ನು ನೋಡಲು ಹೋಗುವ ಹಣ್ಣು. ನಿಮ್ಮ ಕಡೆಯೂ ಹಾಗೇ ಇರಬಹುದು. ಬಾಳೆಹಣ್ಣು ಒಯ್ದರೆ ಸಸಾರವಾಗುತ್ತದೆ, ಸೀಬೆ ಒಯ್ದರೆ ಶೀತ ಅನ್ನುತ್ತಾರೆ, ಸೇಬಿಗೆ ಮಾತ್ರ ಯಾರೂ ಮಾತಾಡುವಂತಿಲ್ಲ. ತಂದವರೆದುರು ತಿನ್ನಲು ಸಂಕೋಚ, ಅವರು ಹೋದ ಮೇಲೆ ತಿನ್ನಲು ಬಾಯಿರುಚಿ ಇರುವುದಿಲ್ಲ. ಹಾಗಾಗಿ ಅದೇ ಕವರು ಮುಂದಿನ ಕಾಯಿಲೆಯವರ ಮನೆಗೆ ಹೊರಡುತ್ತದೆ. ಒಮ್ಮೆ ಕೆ.ಆರ್. ನಗರದಲ್ಲಿ ಕಾಲು ಮುರಿದುಕೊಂಡಿದ್ದ ನಮ್ಮ ಹೈಸ್ಕೂಲಿನ ಸಹೋದ್ಯೋಗಿಯೊಬ್ಬರಿಗೆ ಸೇಬು ಕೊಟ್ಟು ಬಂದಿದ್ದೆ. ವಾರ ಕಳೆಯುವುದರೊಳಗೆ ನನಗೇ ಜ್ವರ ಬಂತು. ನೋಡಲು ಬಂದ ಇನ್ನೊಬ್ಬ ಟೀಚರ್ ತಂದ ಕವರಿನ ಬಾಯಿಗೆ ನಾನೇ ಹಾಕಿದ್ದ ಕೆಂಪು ದಾರದ ಗಂಟಿತ್ತು. ಇಬ್ಬರೂ ಅದನ್ನು ನೋಡಿದೆವು, ಇಬ್ಬರೂ ಹವಾಮಾನದ ವಿಷಯ ಮಾತಾಡಿದೆವು.

ಈ ಸೇಬುಗಳಿಗೆ ಒಂದು ಗತಿ ಕಾಣಿಸುವುದನ್ನು ನಾನು ಕಲಿತದ್ದು ಏಳು ವರ್ಷದ ಹಿಂದೆ, ನಮ್ಮ ಅತ್ತೆ ಚಿಕ್ಕತಾಯಮ್ಮನವರ ಪಿತ್ತಕೋಶದ ಕಲ್ಲು ತೆಗೆಸಿದಾಗ. ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಕಡೆಯ ಊರಿನಿಂದ ಅವರನ್ನು ಕರೆತಂದು ನಮ್ಮ ಮನೆಯಲ್ಲೇ ಇರಿಸಿಕೊಂಡಿದ್ದೆವು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಆದರೆ ಅತ್ತೆ ಊಟ ಬಿಟ್ಟುಬಿಟ್ಟರು. ಮುದ್ದೆಯ ತಟ್ಟೆಯನ್ನು ಒಂದು ಬೆರಳಿನಿಂದ ಹಿಂದಕ್ಕೆ ತಳ್ಳುವರು, ಗಂಜಿಯನ್ನು ಎರಡು ಚಮಚಕ್ಕೆ ಸಾಕು ಮಾಡುವರು. ನಡುಮನೆಯ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಮುಗಿಯಿತು. ಸೇಬು ಹೆಚ್ಚಿ ಕೊಟ್ಟರೆ, "ತಗಂಡೋಗವ್ವ. ಅದ ಕಂಡ್ರೆ ಆಸ್ಪತ್ರೆ ಗ್ಯಾಪ್ಕ ಬತ್ತದೆ" ಅನ್ನುವರು. ಇನ್ನೊಂದು ವಾರ ಹೀಗೇ ಹೋದರೆ ಮತ್ತೆ ಸೇರಿಸಿಕೊಂಡು ಡ್ರಿಪ್ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅತ್ತೆ ಮತ್ತೆ ಆಸ್ಪತ್ರೆಗೆ ಹೋದರೆ ತಿರುಗಿ ಬರುವುದಿಲ್ಲವೇನೋ ಎಂಬ ಭಯ ನನಗಿತ್ತು. ಗಂಡನ ಮುಂದೆ ಹೇಳಲಿಲ್ಲ, ಬಚ್ಚಲುಮನೆಯಲ್ಲಿ ಒಂದು ಸಲ ಅತ್ತುಬಿಟ್ಟೆ.

ಆಗಲೇ ಕೊಪ್ಪದ ಅಂಗಡಿಯೊಂದರಲ್ಲಿ ತಿಂದಿದ್ದ ಬ್ರೆಡ್ಡು ನೆನಪಾಯಿತು. ಬ್ರೆಡ್ಡೆಂಬುದು ಹೆಸರಿಗೆ ಮಾತ್ರ, ನೋಡಿದರೆ ಕೇಕಿನ ತಂಗಿ. ಯೀಸ್ಟ್ ಹಾಕಿ ಉಬ್ಬಿಸುವ ರಗಳೆ ಇಲ್ಲ, ಸೋಡದಲ್ಲೇ ಕೆಲಸ ಆಗುತ್ತದೆ. ನಡುವೆ ಸೇಬಿನ ಚೂರು ಮತ್ತು ಚಕ್ಕೆಪುಡಿ ಬೆರೆಸಿದ ಬೆಲ್ಲದ ಪದರ, ಮೇಲೆ ಸಕ್ಕರೆಪುಡಿಯನ್ನು ಹಾಲಿನಲ್ಲಿ ಕಲಸಿ ಸುರಿದ ಬಿಳಿಯ ಮೆರುಗು. ಮನೆಗೆ ಹೊಸದಾಗಿ ಓವನ್ ಬಂದಿತ್ತು, ಫೋನಿನಲ್ಲಿ ಹೇಳಿಕೊಡುವವರೂ ಇದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನನಗೆ ಇದೇನು ಮಹಾ ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿದೆ.

ಚಕ್ಕೆಯ ಘಮ ಹಬ್ಬಿದ್ದೇ ತಡ, ನಡುಮನೆಯಿಂದ ಸಣ್ಣ ದನಿ ಬಂತು. "ಏನವ್ವ, ಇವತ್ತು ಬಾಡ್ನೆಸ್ರಾ? ನಂಗೆ ಡಾಕ್ಟ್ರು ಬಾಡು ಬ್ಯಾಡ ಅಂದವ್ರೆ."

"ಬಾಡಲ್ಲ ಅತ್ತೆ, ಬ್ರೆಡ್ಡು. ಸೇಬಿಗೆ ಚಕ್ಕೆ ಹಾಕಿದ್ದೀನಿ."

"ಸೇಬಿಗೆ ಚಕ್ಕೆನಾ! ಇಸ್ಕೂಲಲ್ಲಿ ಮಕ್ಳಿಗೂ ಇಂಗೇ ಯೋಳ್ಕೊಡ್ತೀಯೇನವ್ವ?"

ಮಾತು ಚುಚ್ಚಿದರೂ ನನಗೆ ಸಂತೋಷವೇ ಆಯಿತು. ನಾಲ್ಕು ದಿನದಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು. ಆದರೆ ಬ್ರೆಡ್ಡು ಕೆಟ್ಟಿತು. ಮೇಲೆ ಕೆಂಪಗೆ ಚೆಂದ, ಕೊಯ್ದರೆ ನಡುವೆ ಹಸಿಹಿಟ್ಟು. ಮಾರನೆಯ ದಿನ ಮತ್ತೆ ಕಲಸಿಟ್ಟೆ. ಬೆಂದಿದೆಯೇ ಎಂದು ಪೊರಕೆಯಿಂದ ಎಳೆದು ತೊಳೆದ ಹಂಚಿಕಡ್ಡಿ ಹಿಡಿದು ಐದೈದು ನಿಮಿಷಕ್ಕೆ ಬಾಗಿಲು ತೆಗೆದೆ, ಚುಚ್ಚಿದೆ, ಮುಚ್ಚಿದೆ. ನಾಲ್ಕನೆಯ ಸಲಕ್ಕೆ ಮಂಚದಿಂದ ಬಂದದ್ದು ಸಣ್ಣ ದನಿಯಲ್ಲ.

"ಎಷ್ಟ್ ಸತಿ ತಗೀತೀಯವ್ವ ಬಾಗ್ಲ? ಒಳ್ಗಿರೋ ಕಾವೆಲ್ಲ ನಿನ್ ಮೊಕಕ್ಕೇ ಒಡ್ದೋಯ್ತದೆ. ಮುಚ್ಚು!"

ತಿರುಗಿ ನೋಡಿದರೆ ಅತ್ತೆ ಎದ್ದು ನಿಂತಿದ್ದರು. ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಹೊಟ್ಟೆಯ ಹೊಲಿಗೆಯ ಮೇಲೆ. ಹಾಗೇ ಹೆಜ್ಜೆಯಿಡುತ್ತ ಅಡುಗೆಮನೆಗೆ ಬಂದು ಸ್ಟೂಲೆಳೆದುಕೊಂಡು ಓವನ್ನಿನ ಮುಂದೆ ಕೂತರು. ಗಾಜಿಗೆ ನಾಲ್ಕು ಬೆರಳು ದೂರದಲ್ಲಿ ಅಂಗೈ ಹಿಡಿದರು.

ಆ ಅಂಗೈಯ ಕಥೆಯನ್ನು ನಿಮಗೆ ಹೇಳಬೇಕು. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವವರ ಜಮೀನಿನಲ್ಲೆಲ್ಲ ಒಂದು ಬ್ಯಾರನ್ ಇರುತ್ತದೆ. ಎತ್ತರದ ಗೋಡೆಯ, ಕಿಟಕಿಯಿಲ್ಲದ ಮನೆ. ಒಳಗೆ ಸಾಲುಸಾಲು ಗಳುಗಳಿಗೆ ಹಸಿ ಸೊಪ್ಪು ತೂಗುಹಾಕಿ, ಹೊರಗಿನಿಂದ ಸೌದೆಯೊಡ್ಡಿ ದಿನಗಟ್ಟಲೆ ಬೇಯಿಸುತ್ತಾರೆ. ಸೊಪ್ಪು ಹಳದಿಗೆ ತಿರುಗುವಾಗ ಬಾಗಿಲು ತೆಗೆಯುವಂತಿಲ್ಲ. ಗಾಜಿನ ಕಿಂಡಿಯಲ್ಲಿ ನೋಡಬೇಕು, ಅಷ್ಟೆ. ಅತ್ತೆಗೆ ಕಿಂಡಿಯೂ ಬೇಕಿರಲಿಲ್ಲ. ಗೋಡೆಗೆ ಅಂಗೈಯಿಟ್ಟು ಇನ್ನೆರಡು ಕೊರಡು ಹಾಕು, ಈಗ ಬಿಡು ಎಂದು ಹೇಳುತ್ತಿದ್ದರು. ಅಕ್ಕಪಕ್ಕದ ಜಮೀನಿನವರೂ, "ತಾಯವ್ವ, ಒಸಿ ನಮ್ದಕ್ಕೂ ಕೈಯಿಟ್ ನೋಡು ಬಾ" ಎಂದು ಕರೆದೊಯ್ಯುತ್ತಿದ್ದರು. ಓದುಬರಹ ತಿಳಿಯದ ಅವರಿಗೆ ಊರಿನಲ್ಲಿದ್ದ ಮರ್ಯಾದೆಯೆಲ್ಲ ಆ ಅಂಗೈಯದು.

ನಾನು ಮದುವೆಯಾಗಿ ಬಂದ ಮೊದಲ ವರ್ಷ. ಬಿ.ಎಸ್ಸಿ. ಓದಿದ ಸೊಸೆ ಎಂದು ಮನೆಯಲ್ಲಿ ಎಲ್ಲರಿಗೂ ಸ್ವಲ್ಪ ಹೆಮ್ಮೆ, ನನಗೆ ಸ್ವಲ್ಪ ಜಾಸ್ತಿಯೇ. ಒಂದು ಮಧ್ಯಾಹ್ನ ಅತ್ತೆ ಬ್ಯಾರನ್ನಿನ ಹತ್ತಿರ ನನ್ನನ್ನು ಕೂರಿಸಿ ಸೌದೆ ತರಲು ಹೋದರು. ಕಿಂಡಿಯ ಗಾಜು ಮಸಿ ಹಿಡಿದಿತ್ತು. ಹಳದಿ ತಿರುಗಿದೆಯೇ ಎಂಬ ಕುತೂಹಲ ತಡೆಯಲಾರದೆ ಚಿಲಕ ತೆಗೆದೆ. ಒಳಗೆ ಸೊಪ್ಪೆಲ್ಲ ನಿಂಬೆಹಣ್ಣಿನ ಬಣ್ಣಕ್ಕೆ ಹೊರಳುತ್ತಿತ್ತು. ನೋಡುತ್ತ ನಿಂತಿದ್ದಾಗಲೇ ಮನೆಯ ಕಡೆಯಿಂದ ಯಾರೋ ಕರೆದರು. ಬಾಗಿಲನ್ನು ಒಂದು ಸಲ ತಳ್ಳಿ ಓಡಿದೆ. ಚಿಲಕ ಕೂತಿರಲಿಲ್ಲ. ಅತ್ತೆ ಹಿಂತಿರುಗುವ ಹೊತ್ತಿಗೆ ಒಳಗಿನ ಹಸಿಯಾವಿಯೆಲ್ಲ ಹೊರಟುಹೋಗಿ, ಸೊಪ್ಪು ಅಲ್ಲಲ್ಲೇ ಹಸಿರು ನಿಂತುಬಿಟ್ಟಿತ್ತು. ಒಂದು ಬ್ಯಾರನ್ ಸೊಪ್ಪು, ಮನೆಮಂದಿಯೆಲ್ಲ ಮುರಿದು ಪೋಣಿಸಿದ್ದು, ಕೆಲಸಕ್ಕೆ ಬಾರದೆ ಹೋಯಿತು.

ಮಾವ ಕೂಗಾಡಿದರು. ನಾನು ಬಾಯಿ ತೆರೆಯುವ ಮುಂಚೆಯೇ ಅತ್ತೆ, "ನಾನೇಯ, ಒಸಿ ತೂಕಡಿಸ್ಬುಟ್ಟೆ. ಬಾಗ್ಲು ನೋಡ್ನಿಲ್ಲ" ಎಂದುಬಿಟ್ಟರು. ಅವರಿಗೆ ನಿಜವಾಗಿಯೂ ಹಾಗೆ ಅನ್ನಿಸಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹೆದರಿದವರಿಗೆ ಎಂಥ ಸುಳ್ಳೂ ರುಚಿಸುತ್ತದೆ. ಆಮೇಲೆ ಅಕ್ಕಪಕ್ಕದವರು ಅವರನ್ನು ಕರೆಯುವುದು ಕಡಿಮೆಯಾಯಿತು. ಕೊನೆಗೆ ಯಾರೂ ಕರೆಯಲಿಲ್ಲ. ಮಕ್ಕಳಿಬ್ಬರೂ, ನಮ್ಮನೆಯವರೂ ಮೈದುನನೂ, ತಾಯಿಯನ್ನು ಛೇಡಿಸಲು ಆ ತೂಕಡಿಕೆಯನ್ನೇ ಇಟ್ಟುಕೊಂಡರು.

ಓವನ್ನಿನ ಮುಂದೆ ಕೂತ ಅತ್ತೆ ಕೈ ಹಿಂತೆಗೆದು, "ಇನ್ನೂ ಆಗಿಲ್ಲ. ಮ್ಯಾಲೆ ಬಣ್ಣ ಬಂದ್ರೆ ಆಗೋಯ್ತಾ? ಸೊಪ್ಪಲ್ಲೂ ಎಲೆ ಮೊದ್ಲು ಒಣಗ್ತದೆ, ದಂಟು ಕಡೇಗೆ" ಅಂದರು. ಆಮೇಲೆ ಗಾಜನ್ನೇ ನೋಡುತ್ತ, "ಆವತ್ತೂ ಇಂಗೇಯ, ತಡ್ಕಳಕಾಗ್ದೆ ತಗ್ದೆ ನೀನು" ಅಂದರು.

"ನಿಮಗೆ ಗೊತ್ತಿತ್ತಾ ಅತ್ತೆ?"

"ಚಿಲ್ಕದ್ ತಾವ ನಿನ್ ಅಸ್ರು ಬಳೆ ಚೂರು ಬಿದ್ದಿತ್ತಲ್ಲವ್ವ. ಎತ್ತಿ ಬೂದಿಗೆ ಆಕ್ದೆ."

"ಮತ್ತೆ ಯಾಕೆ ನೀವು ಒಪ್ಕೊಂಡ್ರಿ?"

"ವಸ್ದಾಗಿ ಬಂದೋಳು ನೀನು. ಓದಿರೋ ಎಣ್ಣು ಸೊಪ್ಪು ಕೆಡಿಸ್ತು ಅಂತ ಸಾಯೋಗಂಟ ಆಡ್ಕಳೋರು. ನಂಗಾದ್ರೆ ಎಲ್ಡ್ ದಿನ ಅಂದು ಸುಮ್ಕಾಯ್ತಾರೆ ಅನ್ಕಂಡೆ."

"ಸುಮ್ಮನಾಗಲಿಲ್ಲವಲ್ಲ ಅತ್ತೆ."

"ಊಂ, ಆಗ್ನಿಲ್ಲ" ಎಂದು ನಕ್ಕರು. ಹೊಲಿಗೆ ಎಳೆಯಿತೆಂದು ಹೊಟ್ಟೆ ಹಿಡಿದುಕೊಂಡು ಮತ್ತೂ ನಕ್ಕರು. ಈಗಲಾದರೂ ಎಲ್ಲರಿಗೂ ಹೇಳುತ್ತೇನೆ ಅಂದೆ. "ಬುಡವ್ವ, ಈಗ್ಯಾಕೆ. ಈಗ ನೋಡು, ಘಮ ಬದ್ಲಾಯ್ತು. ತಗಿ" ಅಂದರು.

ಬ್ರೆಡ್ಡು ಹದವಾಗಿ ಬೆಂದಿತ್ತು. ಮೆರುಗು ಸುರಿದು ಒಂದು ಚೂರು ಕೊಟ್ಟೆ. ಅಂಚಿನಲ್ಲಿ ಇಳಿದ ಸಕ್ಕರೆಯನ್ನು ಬೆರಳಿನಿಂದ ಸವರಿ ತಿಂದರು, ಆಮೇಲೆ ಚೂರನ್ನು ತಿಂದರು, ಆಮೇಲೆ ತಟ್ಟೆಯನ್ನು ನನ್ನ ಕಡೆ ಚಾಚಿದರು. ಸಂಜೆ ಅರ್ಧ ಮುದ್ದೆ ಉಂಡರು. ಆಮೇಲೆ ಎರಡು ವರ್ಷ ಗಟ್ಟಿಯಾಗಿಯೇ ಬದುಕಿದರು. ಬುಡವ್ವ ಅಂದರಲ್ಲ, ನಾನು ಬಿಟ್ಟೇಬಿಟ್ಟೆ. ಅವರ ತಿಥಿಯ ಊಟದಲ್ಲಿ ಯಾರೋ, "ತಾಯವ್ವನ ಕೈಯಂಥ ಕೈ ಇಲ್ಲ, ಆವತ್ತೊಂದಿನ ತೂಕಡಿಸ್ದೆ ಇದ್ದಿದ್ರೆ" ಅಂದರು. ನಾನು ತಲೆ ತಗ್ಗಿಸಿಕೊಂಡು ಪಾಯಸ ಬಡಿಸಿದೆ. ಆ ನಾಚಿಕೆ ಈ ಕಣ್ಣಿನ ಪೊರೆಯ ಹಾಗಲ್ಲ, ಯಾರೂ ತೆಗೆದುಕೊಡುವುದಿಲ್ಲ.

ನೆನ್ನೆ ಊರಿನಿಂದ ಮೈದುನ ಸ್ವಾಮಿ ಬಂದ. ಕೈಯಲ್ಲಿ ಏನಿತ್ತೆಂದು ನಿಮಗೆ ಗೊತ್ತೇ ಇದೆ. ಒಲೆಯ ಹತ್ತಿರ ಹೋಗಬಾರದೆಂದು ನನಗೆ ಡಾಕ್ಟರ ಆಜ್ಞೆ. ಹಾಗಾಗಿ ನಾನು ಸ್ಟೂಲಿನ ಮೇಲೆ ಕೂತು ಹೇಳಿದಂತೆ ನಮ್ಮನೆಯವರು ಸೇಬು ಹೆಚ್ಚಿದರು, ಚಕ್ಕೆ ಕುಟ್ಟಿದರು, ಹಿಟ್ಟನ್ನು ಅರ್ಧ ಅಡುಗೆಮನೆಗೂ ಅರ್ಧ ಪಾತ್ರೆಗೂ ಹಾಕಿದರು. ಬ್ರೆಡ್ಡು ಒಳಗೆ ಹೋಯಿತು. ಬಾಗಿಲಿಗೆ ಒರಗಿ ನಿಂತಿದ್ದ ಸ್ವಾಮಿ ನಗುತ್ತ, "ನೋಡ್ಕಂಡಿರಣ್ಣ, ಅವ್ವನಂಗೆ ತೂಕಡಿಸ್ಬುಟ್ಟೀಯೆ" ಅಂದ.

"ಸ್ವಾಮಿ, ಆವತ್ತು ಬಾಗಿಲು ತೆಗೆದವಳು ನಾನು" ಅಂದೆ.

ಚಿಲಕ, ಕಿಂಡಿಯ ಮಸಿ, ಬಳೆಯ ಚೂರು, ಎಲ್ಲವನ್ನೂ ಹೇಳಿದೆ. ಕಪ್ಪು ಕನ್ನಡಕ ಇದ್ದದ್ದು ಒಳ್ಳೆಯದಾಯಿತು. ನಮ್ಮನೆಯವರು ಸಕ್ಕರೆಪುಡಿ ಕಲಸುತ್ತಿದ್ದ ಚಮಚ ನಿಲ್ಲಿಸಿದರು. "ಕಡೇಗಂಟ ಅವ್ವನ್ನ ಆಡ್ಕಂಡ್ನಲ್ಲ" ಅಂದರು, ನನಗಲ್ಲ, ಬಟ್ಟಲಿಗೆ. ಮುಕ್ಕಾಲು ಗಂಟೆ ಮೂವರೂ ಆ ಗಾಜನ್ನೇ ನೋಡುತ್ತ ಕೂತಿದ್ದೆವು, ಯಾರೂ ಬಾಗಿಲು ಮುಟ್ಟಲಿಲ್ಲ.

ಹೊರಡುವಾಗ ಅರ್ಧ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಸ್ವಾಮಿಯ ಕೈಗಿಟ್ಟೆ. "ಬ್ಯಾರನ್ ಹತ್ರ ಇರೋರಿಗೆಲ್ಲ ಕೊಡು. ಕೊಡುವಾಗ ಇದನ್ನೂ ಹೇಳು. ನನ್ನ ಹೆಸರು ಹಿಡಿದೇ ಹೇಳು" ಅಂದೆ. ಅವನು ಗೇಟಿನವರೆಗೂ ಹೋಗಿ ನಿಂತ, ತಿರುಗಿ ಬಂದ.

"ಅತ್ಗೆ, ಅಂಗಾರೆ ಅವ್ವ ಒಂದಿನಾನೂ ತೂಕಡಿಸ್ನಿಲ್ಲ."

"ಇಲ್ಲ ಸ್ವಾಮಿ" ಅಂದೆ. "ಒಂದಿನಾನೂ ಇಲ್ಲ."