ಬೀರವ್ವ ಹವಾ ಹೊಡೆದದ್ದು

ಹೊಸ ಪಂಪಿನ ಹಿಡಿಕೆಯನ್ನು ಬೀರವ್ವ ಎರಡೂ ಕೈಯಿಂದ ಎತ್ತಿ, ಮೈಭಾರವೆಲ್ಲ ಹಾಕಿ ಕೆಳಗೊತ್ತಿದಾಗ ಗಾಳಿ ಸೈಕಲ್ಲಿನ ಟೈರಿಗೆ ಹೋಗಲಿಲ್ಲ. ಪೈಪು ಕಿತ್ತುಕೊಂಡು, ಬಾಲ ತುಳಿದ ಹಾವಿನಂತೆ ಹೊರಳಿ, ಪಕ್ಕದ ಜೋಳದ ಹಿಟ್ಟಿನ ಪುಟ್ಟಿಗೆ ಬಾಯಿಟ್ಟು ಊದಿತು. ವಾಕಿಂಗ್ ಮುಗಿಸಿ ಬರುತ್ತಿದ್ದ ಎದುರುಮನೆಯ ನಿವೃತ್ತ ಇಂಜಿನಿಯರ್ ಯಜ್ಞೇಶ್ವರರು ಹಾರಿದ ಹಿಟ್ಟಿಗೆ ತಲೆ ಮೀಸೆ ಬೆಳ್ಳಗಾಗಿ, ಒಂದೇ ಕ್ಷಣದಲ್ಲಿ ಇನ್ನೂ ಹತ್ತು ವರ್ಷ ನಿವೃತ್ತರಾದಂತೆ ಕಂಡರು. ಬೀರವ್ವ ಸೆರಗು ಬಾಯಿಗೆ ಹಿಡಿದು ತಪ್ಪಾಯಿತೆಂದಳು. ಅವರು ಕನ್ನಡಕ ಒರೆಸಿಕೊಳ್ಳುತ್ತ, ಜೋಳ ಹೆಚ್ಚು ತಗೊಳ್ಳಿ ಎಂದು ಡಾಕ್ಟರೂ ಹೇಳಿದ್ದಾರೆ ಎನ್ನುತ್ತ ತಮ್ಮ ಮನೆಯೊಳಗೆ ನಡೆದರು.

ಬೀರವ್ವ ಹಳೇ ಹುಬ್ಬಳ್ಳಿಯ ಆ ಓಣಿಗೆ ಸುಳ್ಳ ಎಂಬ ಹಳ್ಳಿಯಿಂದ ಮದುವೆಯಾಗಿ ಬಂದವಳು. ಊರು ಸುಳ್ಳವಾದರೂ ಮಾತು ಮಾತ್ರ ಖರೇ. ಹಮಾಲಿ ಮಾಡುತ್ತಿದ್ದ ಗಂಡ ದ್ಯಾಮಣ್ಣ ತೀರಿಕೊಂಡಾಗ ಉಳಿದದ್ದು ಅವನ ಕರಿ ಸೈಕಲ್ಲು ಮತ್ತು ಇವಳ ಎರಡು ಅಂಗೈ. ಅಂಗೈಯಿಂದ ಕಡಕ್ ರೊಟ್ಟಿ ಬಡಿದಳು. ಸೈಕಲ್ಲಿನ ಕ್ಯಾರಿಯರಿಗೆ ಬುಟ್ಟಿ ಕಟ್ಟಿ, ಅದರಲ್ಲಿ ರೊಟ್ಟಿಯ ಗೋಪುರ ನಿಲ್ಲಿಸಿ, ದಿನಾ ದುರ್ಗದಬೈಲಿನ ಹತ್ತಿರ ರಾಜಶೇಖರನ ಖಾನಾವಳಿಗೆ ಮುಟ್ಟಿಸಿದಳು. ಒಮ್ಮೆ ಆಟೋದಲ್ಲಿ ಒಯ್ದು ನೋಡಿದ್ದಳು. ನಮ್ಮ ರಸ್ತೆಗಳ ಕೃಪೆಯಿಂದ ರೊಟ್ಟಿ ಹೋಗಿ ರವೆಯಾಗಿತ್ತು.

ಟೈರಿನ ಹವೆಯ ಚಿಂತೆ ಇಷ್ಟು ವರ್ಷ ಮೂಲೆಯ ಸೈಕಲ್ ಅಂಗಡಿಯ ಹುಸೇನಬಾಷಾನದಾಗಿತ್ತು. ಅವನು ಅಂಗಡಿಗೆ ಬೀಗ ಹಾಕಿ ಗದಗಿನ ಮಗಳ ಮನೆಗೆ ಹೋದ. ಪೆಟ್ರೋಲ್ ಬಂಕಿನ ಹವಾ ಮಷೀನಿನ ಬಾಯಿ ಈ ಹಳೇ ಸೈಕಲ್ಲಿಗೆ ಕೂಡುವುದಿಲ್ಲ. ಹುಬ್ಬಳ್ಳಿಯಲ್ಲಿ ಹವಾ ಇಟ್ಟವರು ಓಣಿಗೆ ಹತ್ತು ಮಂದಿ ಇದ್ದಾರೆ, ಹವಾ ಹಾಕುವವರು ಒಬ್ಬರೂ ಇಲ್ಲ. ಟೈರು ಮೆತ್ತಗಾಗಿ ಗಾಲಿ ಕಂಡ ಕಂಡ ಕಲ್ಲಿಗೆ ಬಡಿಯತೊಡಗಿತು, ರೊಟ್ಟಿ ಒಡೆಯತೊಡಗಿದವು.

ನಿನ್ನೆ ರಾಜಶೇಖರ ಬುಟ್ಟಿಯ ಬಟ್ಟೆ ಸರಿಸಿ ಹೇಳಿಬಿಟ್ಟಿದ್ದ: "ಬೀರಕ್ಕ, ನಾಳೆನೂ ಮುರುಕ ರೊಟ್ಟಿ ಬಂದ್ರ ನಾ ಮಷೀನ್ ರೊಟ್ಟಿ ತರಸ್ತೇನಿ ನೋಡವ್ವ. ಬ್ಯಾಸರ ಆಗಬ್ಯಾಡ."

ಬೀರವ್ವ ಬೇಸರ ಮಾಡಿಕೊಳ್ಳಲಿಲ್ಲ. ಪಂಪು ತಂದಳು.

ಹಿಟ್ಟಿನ ಅವಾಂತರದ ಬಳಿಕ ಪೈಪಿನ ತುದಿಯನ್ನು ದಿಟ್ಟಿಸಿ ನೋಡಿದಳು. ಅದನ್ನು ಒಳಗೆ ತುರುಕುವುದಲ್ಲ, ತಿರುವಿ ಬಿಗಿಯಬೇಕು. ಬಿಗಿದಳು. ಈಗ ಪೈಪು ಹಾರಲಿಲ್ಲ, ಆದರೆ ಕೂಡಿದ ಜಾಗದಲ್ಲಿ ಸುಸ್ ಎಂದು ಗಾಳಿ ಸೋರಿತು. ರೊಟ್ಟಿ ಅಂಚು ಬಿರಿದರೆ ಏನು ಮಾಡಬೇಕೆಂದು ಅವಳ ಕೈಗೆ ಗೊತ್ತು. ನಾದಿದ ಹಿಟ್ಟಿನ ಒಂದು ಉಂಡೆ ತಂದು ಸೋರುವಲ್ಲಿ ಗಟ್ಟಿಯಾಗಿ ಮೆತ್ತಿ, ಹದವಾಗಿ ತಟ್ಟಿ, ಪಂಪು ಒತ್ತಿದಳು. ಹಿಟ್ಟು ಸಿಡಿದು ಗೋಡೆಗೆ ಅಂಟಿಕೊಂಡಿತು.

ನೀರು ತರಲು ಹೊರಟಿದ್ದ ನೆರೆಮನೆಯ ಕಾವೇರಿ ಕೊಡ ಇಳಿಸಿ ನಿಂತಳು. "ಏನ್ ಬೀರಕ್ಕ, ಟೈರಿಗೂ ರೊಟ್ಟಿ ಬಡ್ಯಾಕತ್ತಿಯೇನು?"

"ಹೂಂ. ನೀ ಚಟ್ನಿ ತಗೊಂಡ್ ಬಾ."

ಕೊನೆಗೆ ಹುಸೇನಬಾಷಾನಿಗೆ ಫೋನು ಮಾಡಿದಳು. ಹಿಟ್ಟಿನ ಸಂಗತಿ ಕೇಳಿ ಅವನು ಕೆಮ್ಮು ಬರುವಷ್ಟು ನಕ್ಕು, ಆಮೇಲೆ ಒಂದೊಂದಾಗಿ ಹೇಳಿದ. ಗಾಳಿ ಹಿಂದೆ ಬರದಂತೆ ತಡೆಯುವ ರಬ್ಬರಿನ ವಾಲ್ ಟ್ಯೂಬು ಹರಿದಿರಬೇಕು, ತಾನು ಹೋಗುವಾಗ ಕೊಟ್ಟ ಪೊಟ್ಟಣದಲ್ಲಿ ಹೊಸದಿದೆ, ಹಾಕು. ಪಂಪು ಬಿಚ್ಚಿ ಒಳಗಿನ ಚಕ್ಕಳದ ವಾಷರಿಗೆ ಎಣ್ಣೆ ಕುಡಿಸು. ಪಂಪಿನ ಪಾದ ತುಳಿದು ನಿಲ್ಲು, ಹಿಡಿಕೆ ಪೂರ್ತಿ ಎತ್ತಿ ಪೂರ್ತಿ ಒತ್ತು. "ಮತ್ತ ಅಕ್ಕಾ, ಸಿಟ್ಟಿಲೆ ಕಲ್ಲಾಗೂ ಹಂಗ ತುಂಬಬ್ಯಾಡ. ಟೈರ್ ಕಲ್ಲಾದ್ರೂ ರೊಟ್ಟಿ ಒಡೀತಾವ."

ಹೊಸ ವಾಲ್ ಟ್ಯೂಬು ಕೂತಿತು, ಚಕ್ಕಳಕ್ಕೆ ಒಗ್ಗರಣೆಯ ಕುಸುಬಿ ಎಣ್ಣೆಯೇ ಬಿತ್ತು. ಬೀರವ್ವ ಸೀರೆ ಎತ್ತಿ ಕಟ್ಟಿ, ಹಲ್ಲು ಕಚ್ಚಿ ಒತ್ತಿದಳು. ಸಿಟ್ಟು ಇದ್ದೇ ಇತ್ತು, ಟೈರು ಕಲ್ಲೇ ಆಯಿತು. ತುಸು ಗಾಳಿ ಬಿಟ್ಟಳು. ಹೆಬ್ಬೆರಳಿನಿಂದ ಅದುಮಿದಳು, ಇನ್ನೂ ತುಸು ಬಿಟ್ಟಳು. ನಾದಿ ಮುಗಿದ ಹಿಟ್ಟು ಬೆರಳಿಗೆ ಹೇಗೆ ಬಗ್ಗಿಯೂ ಬಗ್ಗದಂತೆ ಇರುತ್ತದೋ, ಟೈರು ಆ ಹದಕ್ಕೆ ಬಂತು. ಉಗುಳು ಹಚ್ಚಿ ನೋಡಿದಳು. ಗುಳ್ಳೆ ಏಳಲಿಲ್ಲ. ಹಿಂದಿನ ಗಾಲಿಗೂ ಅದೇ ಪೂಜೆ ಮಾಡಿ, ರೊಟ್ಟಿ ಹೇರಿ, ಸೈಕಲ್ಲು ಹಿಡಿದು ಹೊರಟಳು.

ಖಾನಾವಳಿಯಲ್ಲಿ ರಾಜಶೇಖರ ಬಟ್ಟೆ ಸರಿಸಿದ. ಮೇಲಿನಿಂದ ಕೆಳಗಿನವರೆಗೂ ರೊಟ್ಟಿ ಹುಣ್ಣಿಮೆಯ ಚಂದ್ರನಂತೆ ಇಡಿಯಾಗಿದ್ದವು. ಒಂದನ್ನು ಬೆರಳಿನಿಂದ ತಟ್ಟಿ ಸಪ್ಪಳ ಕೇಳಿದ. "ನಾಳೆ ಇನ್ನಷ್ಟು ಹೆಚ್ಚಿಗಿ ತಾ ಬೀರಕ್ಕ," ಎಂದ. ಮಷೀನಿನ ಮಾತು ಮತ್ತೆ ಎತ್ತಲಿಲ್ಲ.

ಅಂದಿನಿಂದ ಓಣಿಯ ಸೈಕಲ್ಲುಗಳೆಲ್ಲ ಬೆಳಿಗ್ಗೆ ಬೀರವ್ವನ ಕಟ್ಟೆಗೆ ಬಂದು ಹವಾ ಕುಡಿದು ಹೋಗತೊಡಗಿದವು. ಒಂದು ದಿನ ಯಜ್ಞೇಶ್ವರರೂ ತಮ್ಮ ಸೈಕಲ್ಲು ತಂದರು, ಹಿಟ್ಟಿನ ಪುಟ್ಟಿಯಿಂದ ನಾಲ್ಕು ಮಾರು ದೂರ ನಿಂತರು. ಅವರ ಸೈಕಲ್ ಸಂಘದವರು ಐತವಾರ ಧಾರವಾಡಕ್ಕೆ ಹೊರಟಿದ್ದರು. ಇಂಥ ಛಲದ ಹೆಣ್ಣುಮಗಳು ಎಲ್ಲರಿಗಿಂತ ಮುಂದೆ ಇರಬೇಕೆಂಬುದು ಅವರ ಆಸೆ. ಹೊರಡುವ ಮುನ್ನ ಅವಳಿಗೆ ಹಾರ ಹಾಕುವಾಗ ನಾಲ್ಕು ಮಾತು ಹೇಳಬೇಕಲ್ಲ, ಅದಕ್ಕೆ ಕೇಳಿದರು: "ಬೀರವ್ವಾರ, ಇಷ್ಟು ವರ್ಷದಾಗ ಈ ಸೈಕಲ್ ಮ್ಯಾಲೆ ನೀವು ಎಷ್ಟು ದೂರ ಹೋಗಿರಬಹುದ್ರಿ?"

ಬೀರವ್ವ ಬೆರಳಿನ ಉಗುಳನ್ನು ಸೆರಗಿಗೆ ಒರೆಸಿಕೊಂಡಳು.

"ಒಂದ್ ಮಾರೂ ಹೋಗಿಲ್ರಿ ಸರ. ನನಗ ಸೈಕಲ್ ಹೊಡ್ಯಾಕ ಬರೂದಿಲ್ಲ. ರೊಟ್ಟಿ ಹತ್ತಿ ಕುಂದರ್ತಾವ, ನಾ ದೂಕ್ಕೊಂಡ್ ಹೋಗ್ತೇನಿ."