ಕೌದಿಯ ಹೊಟ್ಟೆ

ನಿಜಾಮರ ಆಳ್ವಿಕೆ ಮುಗಿದ ಹೊಸತರಲ್ಲಿ ನಾನು ಸುರಪುರದ ದವಾಖಾನೆಯೊಂದರಲ್ಲಿ ನರ್ಸ್ ಆಗಿದ್ದೆ. ರೋಗಿಗಳ ಮನೆಯ ಹಳೇ ಬಟ್ಟೆ ವಾರ್ಡಿನೊಳಗೆ ಬಾರದಂತೆ ಕಾಯುವುದು ನನ್ನ ಪಾಲಿಗೆ ಬಂದಿತ್ತು.

ಎಲುಬಿನ ಕ್ಷಯವಾಗಿ ತಿಂಗಳಿಂದ ಮಲಗಿದ್ದ ಎಂಟು ವರ್ಷದ ನೀಲಮ್ಮ ಊಟ ಬಿಟ್ಟಿದ್ದಳು. ತಾಯಿ ಬರೀ ಅಳುತ್ತಿದ್ದಳು. ಶಿರವಾಳದಿಂದ ಬಂದ ಅಜ್ಜಿ ಹಳೇ ಸೀರೆಯ ತುಂಡುಗಳನ್ನು ಮಂಚದ ಮೇಲೆ ಹರವಿ, ತಾಯಿಯ ಕೈಗೆ ಸೂಜಿ ಕೊಟ್ಟಳು. ಯಾವ ಬಣ್ಣದ ಪಕ್ಕ ಯಾವುದೆಂದು ಹೇಳುವವಳು ನೀಲಮ್ಮ. ನಾನು ನೋಡುವ ಹೊತ್ತಿಗೆ ಹೊದೆಯುವ ಪುಟ್ಟ ಕೌದಿ ಮುಗಿಯುತ್ತ ಬಂದಿತ್ತು.

"ಇದೆಲ್ಲ ಇಲ್ಲಿ ನಡೆಯೋದಿಲ್ಲ ಅಜ್ಜಿ, ತೆಗೀರಿ," ಎಂದೆ.

"ತೆಗೀತೀನ್ರೀ ಅಕ್ಕಾರ. ಹೊಟ್ಟಿ ತುಂಬಿಸಿ ಮುಚ್ಚತೀನಿ. ಹಸದ ಕೌದಿ ಹೊಚ್ಚಬಾರದು."

ಕೌದಿಯ ಹೊಟ್ಟೆಯೆಂದು ನಡುವೆ ಹೊಲಿಯದೆ ಬಿಟ್ಟಿದ್ದ ಸಂದಿಯೊಳಗೆ, ಊರಿಂದ ತಂದಿದ್ದ ಹೋಳಿಗೆಯ ಚೂರೊಂದನ್ನು ಇಟ್ಟಳು. ನೀಲಮ್ಮ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಪಾಪ, ಅದೊಂದ ಹ್ಯಾಂಗ ಉಣ್ಣತೈತಿ? ಜೋಡಿಗೆ ಯಾರರ ಬೇಕಲ್ಲ," ಎಂದಳು ಅಜ್ಜಿ.

ಹುಡುಗಿ ಬಾಯಿ ತೆರೆದಳು. ಉಳಿದ ಹೋಳಿಗೆ ಪೂರ್ತಿ ಹೋಯಿತು. ತಾಯಿ ಸೂಜಿ ಹಿಡಿದುಕೊಂಡೇ ನಕ್ಕಳು. ನನ್ನ ಔಷಧದ ತಟ್ಟೆಯಲ್ಲಿ ಅಂಥದ್ದೇನೂ ಇರಲಿಲ್ಲ.

ಮರುದಿನ ಮಂಚಕ್ಕೆ ಇರುವೆ ಹತ್ತಿದವು. ಕೌದಿ ಹೊರಗೆ ಹಾಕಿಸಲು ಡಾಕ್ಟರು ಹೇಳಿದರು. ಹೂಂ ಅಂದು, ಮಂಚದ ನಾಲ್ಕೂ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಟ್ಟುಬಂದೆ.