ನಮ್ಮ ಟ್ರ್ಯಾಕ್ಟರಿನ ಗಿಯರ್ ಕಂಪನಿಯದೇ ಆಗಿತ್ತು

ನಾನು ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವನು, ಬರೆದು ರೂಢಿಯಿಲ್ಲ. ಆದರೂ ಇದನ್ನು ನಾನೇ ಬರೆಯಬೇಕು. ತಪ್ಪು ನನ್ನದು, ಹೆಸರು ಕೆಟ್ಟಿದ್ದು ನನ್ನ ಅಣ್ಣನದು.

ತೊಂಬತ್ತರ ದಶಕದಲ್ಲಿ ನಮ್ಮ ರಾಯಬಾಗ, ಅಥಣಿ, ಕಾಗವಾಡದ ಕಡೆ ಟ್ರ್ಯಾಕ್ಟರನ್ನು ಹಿಂದಕ್ಕೆ ಓಡಿಸುವ ಶರ್ಯತ್ತಿನ ಹುಚ್ಚು ಹತ್ತಿತ್ತು. ಕಬ್ಬು ಕಡಿದು ಖಾಲಿಯಾದ ಹೊಲದಲ್ಲಿ ಸುಣ್ಣದ ಎರಡು ಗೆರೆ ಎಳೆಯುತ್ತಿದ್ದರು. ಟ್ರ್ಯಾಕ್ಟರಿಗೆ ಎರಡು ಗಾಲಿಯ ಟ್ರೇಲರ್ ಕಟ್ಟಿ, ಕತ್ತು ಹಿಂದಕ್ಕೆ ತಿರುಗಿಸಿ, ಗೆರೆ ಮುಟ್ಟದೆ ಆ ತುದಿಯ ತನಕ ರಿವರ್ಸ್ ಹೋಗಬೇಕು. ಬೇಗ ಮುಟ್ಟಿದವನಿಗೆ ತಿಜೋರಿ, ಇಲ್ಲವೆ ಹಿತ್ತಾಳೆಯ ಹಂಡೆ. ಅಣ್ಣನಂಥ ಡ್ರೈವರ್ ಸುತ್ತ ಎಲ್ಲೂ ಇರಲಿಲ್ಲ. ಅದನ್ನು ನಾನು ಯಾವತ್ತೂ ಅಲ್ಲಗಳೆಯುವುದಿಲ್ಲ.

ಮೊದಲು ಯಾವ ನಿಯಮವೂ ಇರಲಿಲ್ಲ. ದುಡಿಯುವ ಟ್ರ್ಯಾಕ್ಟರನ್ನೇ ತೊಳೆದು ತಂದು ಓಡಿಸಿ, ಮರುದಿನ ಮತ್ತೆ ಹೊಲಕ್ಕೆ ಹೂಡುತ್ತಿದ್ದೆವು. ಆಮೇಲೆ ಯಾವನೋ ಒಬ್ಬ ಗಿಯರ್ ಬಾಕ್ಸ್ ಬಿಚ್ಚಿಸಿ, ಒಳಗಿನ ಗಿಯರ್ ಬದಲಿಸಿ, ಡಾಂಬರು ರಸ್ತೆಯಲ್ಲಿ ಮುಂದಕ್ಕೆ ಹೋದಷ್ಟೇ ಜೋರಾಗಿ ಹಿಂದಕ್ಕೆ ಹೋದ. ಮುಗಿಯಿತು. ಎಲ್ಲರೂ ಬಿಚ್ಚಿಸಿದರು, ಅಣ್ಣನೂ ಬಿಚ್ಚಿಸಿದ. ಮುಂದಿನ ವರ್ಷ ಶರ್ಯತ್ತು ನಡೆಸುವ ಕಮಿಟಿಯವರು, ವೇಗ ತಗ್ಗಿಸುವ ಚಿಕ್ಕ ಲಿವರ್ ‘ಲೋ’ದಲ್ಲೇ ಇರಬೇಕು ಅಂದರು. ಜನ ಆ ಲೋ ಗಿಯರನ್ನೇ ಬದಲಿಸಿದರು. ಅದರ ಮುಂದಿನ ವರ್ಷ, ಕಂಪನಿಯಿಂದ ಬಂದ ಗಿಯರ್ ಬಿಟ್ಟು ಬೇರೇನೂ ನಡೆಯುವುದಿಲ್ಲ ಅಂದರು. ಅದೂ ರಾಯಬಾಗದ ಕಡೆ ಮಾತ್ರ. ಅಥಣಿಯ ಕಡೆ ಏನು ಹಾಕಿದರೂ ನಡೆಯುತ್ತಿತ್ತು. ಇವರೆಲ್ಲ ಒಂದು ಕಡೆ ಕುಳಿತು ಒಂದು ಮಾತು ಆಡಿದ್ದರೆ ನಮ್ಮಂಥ ಎಷ್ಟು ಮನೆಗಳು ಉಳಿಯುತ್ತಿದ್ದವೋ!

ಹೊಸ ನಿಯಮ ಬಂದಾಗಲೆಲ್ಲ ನಮ್ಮ ಟ್ರ್ಯಾಕ್ಟರ್ ನಿಪ್ಪಾಣಿಯ ರಿಪೇರಿ ಮಿಸ್ತ್ರಿಯ ಅಂಗಳದಲ್ಲಿ ಕಲ್ಲುಗಳ ಮೇಲೆ ಕೂತಿರುತ್ತಿತ್ತು. ಒಂದು ಎಮ್ಮೆ ಹೋಯಿತು. ದ್ರಾಕ್ಷಿಯ ಚಪ್ಪರಕ್ಕೆಂದು ಎತ್ತಿಟ್ಟಿದ್ದ ದುಡ್ಡು ಹೋಯಿತು. ಫ್ಯಾಕ್ಟರಿಗೆ ಕಬ್ಬು ಕಳಿಸುವ ಪಾಳಿ ಬಂದಾಗ ನಾನು ಬೇರೆಯವರ ಟ್ರ್ಯಾಕ್ಟರ್ ಬಾಡಿಗೆಗೆ ಹುಡುಕಿಕೊಂಡು ತಿರುಗಿದೆ. ಮಿಸ್ತ್ರಿ ಒಳ್ಳೆಯ ಮನುಷ್ಯ, ನಗುತ್ತ ಹೇಳುತ್ತಿದ್ದ: “ನಿಮ್ಮ ಕಮಿಟಿಯವರಿಗೆ ನನ್ನ ಸಲಾಂ ಹೇಳ್ರಿ. ಅವರು ಹಿಂಗ ನಿಯಮಾ ಬದಲಿ ಮಾಡಾಕತ್ತ್ರ ನಾ ಮ್ಯಾಲ ಇನ್ನೊಂದ ಮಾಳಗಿ ಕಟ್ಟತೇನ್ರಿ.”

ಗಿಯರ್ ಬಾಕ್ಸನ್ನು ಶರ್ಯತ್ತಿನ ಹೊಲದಲ್ಲಿ ಬಿಚ್ಚಿ ನೋಡಲಾಗುವುದಿಲ್ಲ, ಅದು ಇಡೀ ದಿನದ ಕೆಲಸ. ಅದಕ್ಕೆ ಕಮಿಟಿಯವರು ಒಂದು ದಾರಿ ಹುಡುಕಿದ್ದರು. ತಾಟಿನಲ್ಲಿ ಭಂಡಾರ, ಅಂದರೆ ದೇವರ ಅರಿಶಿಣ, ಇಡುತ್ತಿದ್ದರು. ಓಡಿಸುವವನು ಗೆಲ್ಲುವ ಆಸೆಗೆ ಸುಳ್ಳಾಡಿಯಾನು ಅಂತ, ಅವನ ಜೊತೆ ಒಂದೇ ಒಲೆಯ ರೊಟ್ಟಿ ತಿನ್ನುವ ಇನ್ನೊಬ್ಬ ಬಂದು ಅದನ್ನು ಮುಟ್ಟಿ, ಗಿಯರ್ ಕಂಪನಿಯದೇ ಎಂದು ಆಣೆ ಮಾಡಬೇಕಿತ್ತು. ನಮ್ಮ ಮನೆಯಿಂದ ನಾನು.

ಆ ಸಲ ಶರ್ಯತ್ತು ದಿಗ್ಗೇವಾಡಿ ದಾಟಿ ಹೊಳೆಯ ಕಡೆ ಇತ್ತು. ಅಣ್ಣ ನಿಯಮಕ್ಕೆ ತಲೆಬಾಗಿ, ಹಿಂದಿನ ವಾರವಷ್ಟೇ ಕಂಪನಿಯ ಗಿಯರನ್ನು ಮತ್ತೆ ಕೂಡಿಸಿದ್ದ. ಮಿಸ್ತ್ರಿಗೆ ಒಂದೊಂದಾಗಿ ಎತ್ತಿ ಕೊಟ್ಟವನು ನಾನೇ. ಬೆಳಿಗ್ಗೆ ಟ್ರ್ಯಾಕ್ಟರ್ ತೊಳೆಯುತ್ತ ಅಣ್ಣ ಅಂದ:

“ಸೋಮವಾರ ನಿಪ್ಪಾಣಿಗೆ ಒಯ್ಯೂಣು.”

“ಮತ್ತ್ಯಾಕ? ಹ್ವಾದ ವಾರನ ಬಿಚ್ಚೇವಲ್ಲ!”

“ಅಥಣಿ ಕಡೆ ಶರ್ಯತ್ತ ಐತಿ. ಅಲ್ಲಿಗೆ ಜೋರಿನ ಗಿಯರ್ ಹಾಕಬೇಕು.”

“ಗೊಬ್ಬರ ಯಾರ ಹೇರಬೇಕಣ್ಣಾ? ನಾ ಬುಟ್ಟ್ಯಾಗ ಹೊತಗೊಂಡ ಹೋಗ್ಲ್ಯಾ?”

“ನಾಕ ದಿನ ತಡದ್ರ ಗೊಬ್ಬರೇನ ಓಡಿ ಹೋಗೂದಿಲ್ಲ, ಬಿಡ.”

ನನಗೆ ತಲೆ ಕೆಟ್ಟುಹೋಯಿತು. ಅದೇ ತಲೆಯಲ್ಲೇ ತಾಟಿನ ಮುಂದೆ ಹೋಗಿ ನಿಂತೆ. ಕಮಿಟಿಯ ಹಿರಿಯರೊಬ್ಬರು ಮೃದುವಾಗಿ ಕೇಳಿದರು: “ಬಾ ತಮ್ಮಾ. ಮುಟ್ಟಿ ಹೇಳ, ಗಿಯರ್ ಕಂಪನಿದ ಹೌದಲ್ಲೋ?”

“ಒಳಗಿಂದು ನನಗೇನ ಗೊತ್ತರಿ? ನಾ ಮುಟ್ಟೂದಿಲ್ರಿ,” ಅಂದೆ.

ಜನರಲ್ಲಿ ಒಬ್ಬ ಕೂಗಿದ: “ತಮ್ಮನ ಅಂಜ್ಯಾನ ಅಂದ್ರ ಗಾಡಿ ಹೊಟ್ಟ್ಯಾಗ ಭಾಳ ಐತ್ರಿ!” ಎಲ್ಲರೂ ನಕ್ಕರು. ಅಣ್ಣ ಟ್ರ್ಯಾಕ್ಟರಿನಿಂದ ಜಿಗಿದು ಬಂದ. “ಲೇ, ನೀನ ಕೈಯಾರೆ ಎತ್ತಿ ಕೊಟ್ಟಿಯಲ್ಲೋ! ಹೇಳಲೇ!” ನಾನು ತಾಟಿನಿಂದ ಹಿಂದೆ ಸರಿದೆ. ಇಲ್ಲೇ ಬಿಚ್ಚಿ ತೋರಿಸುತ್ತೇನೆ ಅಂತ ಅವನು ನಟ್ಟು ಬಿಚ್ಚುವ ಪಾನಾ ತೆಗೆದ. ಇನ್ನೂ ಇಪ್ಪತ್ತು ಗಾಡಿ ನಿಂತಿವೆ, ಪಕ್ಕಕ್ಕೆ ಸರಿ ಅಂದರು ಕಮಿಟಿಯವರು. ಗೆರೆಯ ಹೊರಗೆ ಟ್ರ್ಯಾಕ್ಟರ್ ತೆಗೆಯುವಾಗ ಹುಡುಗರು “ಗಿಯರ್ ಕಳ್ಳ” ಅಂತ ಸೀಟಿ ಹೊಡೆದರು.

ಮರುದಿನ ಅಣ್ಣ ಮನೆಯ ಅಂಗಳದಲ್ಲಿ ತಾನೇ ಬಾಕ್ಸ್ ಬಿಚ್ಚಿ, ಗಿಯರುಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಚೀಲದ ಮೇಲೆ ಸಾಲಾಗಿ ಇಟ್ಟ. ಬಂದು ನೋಡಿರಿ ಎಂದು ಕಮಿಟಿಗೆ ಹೇಳಿ ಕಳಿಸಿದ. ಮೂರು ದಿನ ಅವುಗಳ ಪಕ್ಕದಲ್ಲಿ ಕುಳಿತ. ಒಬ್ಬರೂ ಬರಲಿಲ್ಲ. ಬಿಚ್ಚಿದ ಮೇಲೆ ಯಾವುದನ್ನಾದರೂ ತಂದು ಇಟ್ಟಿರಬಹುದು, ತಮ್ಮ ಬಂದು ಮುಟ್ಟಿ ಹೇಳಿದರೆ ಸಾಕು ಎಂದು ಹಿರಿಯರಿಂದ ಉತ್ತರ ಬಂತು.

ನಾನು ಸೈಕಲ್ ತೆಗೆದೆ. ಖರೇ, ಅರ್ಧ ದಾರಿಯ ತನಕ ಹೋದೆ. ಹೇಳಿದರೆ ಅಣ್ಣ ಉಳಿಯುತ್ತಾನೆ. ಆದರೆ ಉಳಿದರೆ ಮತ್ತೆ ಅಥಣಿ, ಮತ್ತೆ ಮಿಸ್ತ್ರಿ, ಮತ್ತೆ ಹೊಸ ನಿಯಮ. ಸೈಕಲ್ ತಿರುಗಿಸಿಬಿಟ್ಟೆ. ಸುಳ್ಳು ಆಣೆಯನ್ನಂತೂ ಮಾಡಿಲ್ಲವಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಎಂಥ ಜಾಣತನ!

ಅಣ್ಣ ನಾಲ್ಕನೆಯ ದಿನ ಬಾಕ್ಸ್ ಮುಚ್ಚಿದ. ಜೋರಿನ ಗಿಯರನ್ನು ಹಳೆಯ ಕಬ್ಬಿಣದವನ ಮೋಡಕಕ್ಕೆ ಹಾಕಿದ. ಆಮೇಲೆ ಯಾವ ಶರ್ಯತ್ತಿಗೂ ಹೋಗಲಿಲ್ಲ, ನನ್ನನ್ನು ಒಂದು ಮಾತೂ ಕೇಳಲಿಲ್ಲ. ನನಗೆ ಬೇಕಾದದ್ದು ಸಿಕ್ಕಿತ್ತು.

ಎರಡು ವರ್ಷದ ಮೇಲೆ ಚಿಕ್ಕೋಡಿಯ ಪೇಟೆಯಲ್ಲಿ ಅದೇ ಹಿರಿಯರು ಸಿಕ್ಕರು. ಕೈ ಹಿಡಿದು ಹೋಟೆಲಿಗೆ ಕರೆದೊಯ್ದರು. ಅಲ್ಲಿದ್ದವರಿಗೆಲ್ಲ ತೋರಿಸಿ ಹೇಳಿದರು: “ಸ್ವಂತ ಅಣ್ಣಗ ಸೈತ ಸುಳ್ಳ ಆಣಿ ಮಾಡಲಿಲ್ಲ ನೋಡ್ರಿ ಇಂವಾ. ಇಂಥಾ ಖರೇ ಮನಶ್ಯಾ ಸಿಗೂದಿಲ್ಲ.” ಆಗಲಾದರೂ ಬಾಯಿ ಬಿಡಬಹುದಿತ್ತು. ಅವರು ಕೊಡಿಸಿದ ಚಹಾ ಕುಡಿದೆ. ಹೊರಗೆ ಟ್ರ್ಯಾಕ್ಟರಿನ ಮೇಲೆ ಅಣ್ಣ ನನಗಾಗಿ ಕಾಯುತ್ತಿದ್ದ. ಅವನಿಗೂ ಒಂದು ಕಪ್ ಒಯ್ದು ಕೊಟ್ಟೆ. ಯಾರು ಕೊಡಿಸಿದರು ಎಂದು ಹೇಳಲಿಲ್ಲ.